ಎರಡು ಸೂರ್ಯರ ಗ್ರಹಕ್ಕೆ ಸಿನಿಮಾದ ಹೆಸರು

2011ರ ಸೆಪ್ಟೆಂಬರ್ 15ರಂದು ನಾಸಾ ಕರೆದಿದ್ದ ಪತ್ರಿಕಾಗೋಷ್ಠಿಯಲ್ಲಿ ಖಗೋಳ ವಿಜ್ಞಾನಿಗಳ ಜೊತೆಗೆ ಸಿನಿಮಾದವರೊಬ್ಬರೂ ಇದ್ದರು. ಅವರು ಜಾನ್ ನಾಲ್, ‘ಸ್ಟಾರ್ ವಾರ್ಸ್’ ಚಿತ್ರಗಳ ದೃಶ್ಯಪರಿಣಾಮಗಳನ್ನು ರೂಪಿಸುವ ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್ ಕಂಪನಿಯವರು. ಅಂದು ಪ್ರಕಟವಾದ ಸುದ್ದಿಗೂ ಅವರ ಕಂಪನಿಗೂ ಇದ್ದ ನಂಟು 1977ರಷ್ಟು ಹಳೆಯದು. ಆ ವರ್ಷ ತೆರೆಕಂಡ ಮೊದಲ ‘ಸ್ಟಾರ್ ವಾರ್ಸ್’ನಲ್ಲಿ ಟಾಟೂಯಿನ್ ಎಂಬ ಮರಳುಗಾಡಿನ ಗ್ರಹದ ಯುವಕನೊಬ್ಬ ಮನೆಯಿಂದ ಹೊರಬಂದು, ದಿಗಂತದಲ್ಲಿ ಎರಡು ಸೂರ್ಯರು ಒಟ್ಟಿಗೆ ಮುಳುಗುವುದನ್ನು ನೋಡುತ್ತ ನಿಲ್ಲುತ್ತಾನೆ. ಮೂವತ್ತನಾಲ್ಕು ವರ್ಷಗಳ ಬಳಿಕ ಲಾರೆನ್ಸ್ ಡಾಯ್ಲ್ ನೇತೃತ್ವದ ತಂಡ ನಿಜಕ್ಕೂ ಎರಡು ಸೂರ್ಯರಿರುವ ಒಂದು ಗ್ರಹವನ್ನು ತೋರಿಸಿಕೊಟ್ಟಿತ್ತು. ದಾಖಲೆಯಲ್ಲಿ ಅದರ ಹೆಸರು ಕೆಪ್ಲರ್-16ಬಿ. ಪತ್ರಿಕೆಗಳಲ್ಲಿ ಮರುದಿನದಿಂದಲೇ ಅದು ಟಾಟೂಯಿನ್.

ಇಷ್ಟು ಚೆನ್ನಾಗಿ ಅಂಟಿಕೊಂಡ ಅಡ್ಡಹೆಸರು ವಿಜ್ಞಾನದಲ್ಲಿ ಅಪರೂಪ. ಎರಡು ನಕ್ಷತ್ರಗಳನ್ನು ಸುತ್ತುವ ಗ್ರಹಗಳನ್ನು ಖಗೋಳಜ್ಞರು ಈಗ ಎಷ್ಟೋ ಸಲ ‘ಟಾಟೂಯಿನ್‌ಗಳು’ ಎಂದೇ ಕರೆಯುತ್ತಾರೆ. ಸಂಶೋಧನಾ ಪ್ರಬಂಧಗಳ ಶೀರ್ಷಿಕೆಗಳಲ್ಲೂ ಆ ಪದ ಕಾಣಿಸಿಕೊಳ್ಳುತ್ತದೆ. ಆದರೆ ಸಿನಿಮಾ ತೋರಿಸಿದ್ದು ನೆಲದ ಮೇಲೆ ನಿಂತವನಿಗೆ ಕಾಣುವ ಸೂರ್ಯಾಸ್ತವನ್ನು. ಕೆಪ್ಲರ್-16ಬಿಗೆ ನಿಲ್ಲಲು ನೆಲವೇ ಇಲ್ಲ. ಶನಿಯಷ್ಟು ತೂಕದ, ಹೆಚ್ಚುಕಡಿಮೆ ಶನಿಯಷ್ಟೇ ಗಾತ್ರದ ಆ ಗೋಳದ ಮೇಲ್ಪದರದ ಉಷ್ಣಾಂಶ ಸೊನ್ನೆಗಿಂತ 70ರಿಂದ 100 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಮರಳುಗಾಡಿನ ಬಿಸಿಲು ಅಲ್ಲಿ ಸಿಗದು. ಅದರ ನಿಜವಾದ ಕುತೂಹಲ ಇರುವುದು ಬೇರೆಡೆ: ಎರಡು ನಕ್ಷತ್ರಗಳ ಎಳೆದಾಟದ ಪಕ್ಕದಲ್ಲಿ ಒಂದು ಗ್ರಹ ಕೋಟ್ಯಂತರ ವರ್ಷ ಹೇಗೆ ಉಳಿದುಕೊಂಡಿತು?

ಮೊದಲು ಜೋಡಿ ನಕ್ಷತ್ರಗಳ ವಿಷಯ. ಮದುವೆ ಮನೆಯಲ್ಲಿ ತೋರಿಸುವ ವಸಿಷ್ಠ–ಅರುಂಧತಿ ನಮಗೆ ಗೊತ್ತಿರುವ ಜೋಡಿ. ಆ ವಸಿಷ್ಠನೂ ಒಂಟಿಯಲ್ಲ. ಸಣ್ಣ ದೂರದರ್ಶಕದಲ್ಲಿ ನೋಡಿದರೆ ಅವನು ಎರಡಾಗಿ ಒಡೆಯುತ್ತಾನೆ, ಆ ಎರಡರಲ್ಲಿ ಪ್ರತಿಯೊಂದೂ ಮತ್ತೆ ಜೋಡಿ. ಸೂರ್ಯನಂಥ ನಕ್ಷತ್ರಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟಕ್ಕೆ ಜೊತೆಗಾರ ನಕ್ಷತ್ರವಿದೆ. ಆಕಾಶದಲ್ಲಿ ಅಕ್ಕಪಕ್ಕ ಕಾಣುವ ಕೆಲವು ನಕ್ಷತ್ರಗಳು ನಿಜಕ್ಕೂ ಒಂದನ್ನೊಂದು ಸುತ್ತುತ್ತಿವೆ ಎಂದು 1803ರಲ್ಲಿ ತೋರಿಸಿದವರು ವಿಲಿಯಂ ಹರ್ಷಲ್.

ಅಪ್ಪ ಮತ್ತು ಚಿಕ್ಕ ಮಗಳು ಕೈಕೈ ಹಿಡಿದು ಗಿರಗಿರನೆ ಸುತ್ತುವಾಗ ಅಪ್ಪನೂ ಪೂರ್ತಿ ನಿಂತಲ್ಲೇ ನಿಂತಿರುವುದಿಲ್ಲ. ಮಗಳು ದೊಡ್ಡ ವೃತ್ತದಲ್ಲಿ ಓಡಿದರೆ ಅಪ್ಪ ಪುಟ್ಟ ವೃತ್ತದಲ್ಲಿ ಹೆಜ್ಜೆ ಹಾಕುತ್ತಾನೆ. ಕೆಪ್ಲರ್-16ರ ಎರಡು ನಕ್ಷತ್ರಗಳೂ ಹಾಗೆಯೇ. ದೊಡ್ಡದು ಸೂರ್ಯನ ಶೇ 69ರಷ್ಟು ತೂಕದ ಕಿತ್ತಳೆ ನಕ್ಷತ್ರ. ಚಿಕ್ಕದು ಶೇ 20ರಷ್ಟು ತೂಕದ ಮಂಕು ಕೆಂಪು ನಕ್ಷತ್ರ. ಇವು 41 ದಿನಗಳಿಗೊಮ್ಮೆ ಪರಸ್ಪರ ಸುತ್ತು ಮುಗಿಸುತ್ತವೆ. ಎರಡರ ನಡುವಿನ ಸರಾಸರಿ ಅಂತರ ಭೂಮಿ–ಸೂರ್ಯರ ಅಂತರದ ಶೇ 22ರಷ್ಟು, ಅಂದರೆ ನಮ್ಮ ಬುಧ ಸೂರ್ಯನಿಂದ ಇರುವುದಕ್ಕಿಂತಲೂ ಕಡಿಮೆ. ಗ್ರಹ ಈ ಜೋಡಿಯನ್ನು ಹೊರಗಿನಿಂದ, ಭೂಮಿ–ಸೂರ್ಯರ ಅಂತರದ ಶೇ 70ರಷ್ಟು ದೂರದಲ್ಲಿ, 229 ದಿನಗಳಿಗೊಮ್ಮೆ ಸುತ್ತುತ್ತದೆ.

ಇದನ್ನು ಯಾರೂ ಕಣ್ಣಿಂದ ನೋಡಿಲ್ಲ. 2009ರ ಮಾರ್ಚ್‌ನಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ರಾಜಹಂಸ ಪುಂಜದ ಆಸುಪಾಸಿನ ಒಂದೇ ತುಂಡು ಆಕಾಶವನ್ನು ದಿಟ್ಟಿಸುತ್ತ ಸುಮಾರು ಒಂದೂವರೆ ಲಕ್ಷ ನಕ್ಷತ್ರಗಳ ಬೆಳಕನ್ನು ಅಳೆಯುತ್ತಿತ್ತು. ನಕ್ಷತ್ರದ ಮುಂದೆ ಏನಾದರೂ ಹಾದುಹೋದರೆ ಬೆಳಕು ಕುಗ್ಗುತ್ತದೆ. ಕೆಪ್ಲರ್-16ರಲ್ಲಿ ಅಂಥ ಕುಗ್ಗುವಿಕೆ ಒಂದಲ್ಲ, ನಾಲ್ಕು ಬಗೆ. ಚಿಕ್ಕ ನಕ್ಷತ್ರ ದೊಡ್ಡದರ ಮುಂದೆ ಬಂದಾಗ ಒಟ್ಟು ಬೆಳಕು ಶೇ 13ರಷ್ಟು ಇಳಿಯುತ್ತಿತ್ತು. ಚಿಕ್ಕದು ಹಿಂದಕ್ಕೆ ಹೋಗಿ ಮರೆಯಾದಾಗ ಶೇ 1.6. ಇಷ್ಟಾದರೆ ಸಾಮಾನ್ಯ ಗ್ರಹಣ ಜೋಡಿ ಎಂದು ಬರೆದಿಟ್ಟು ಮುಂದೆ ಹೋಗಬಹುದಿತ್ತು. ಆದರೆ ಗ್ರಹಣವಿಲ್ಲದ ದಿನಗಳಲ್ಲೂ ಶೇ 1.7ರಷ್ಟರ ಇನ್ನೊಂದು ಇಳಿತ ಕಾಣಿಸಿತು. ಜೊತೆಗೆ ಶೇ 0.1ರಷ್ಟರ, ಕಂಡೂ ಕಾಣದಂಥ ನಾಲ್ಕನೆಯದು. ಮೂರನೆಯದು ಗ್ರಹ ದೊಡ್ಡ ನಕ್ಷತ್ರವನ್ನು ದಾಟುವ ಗುರುತು, ನಾಲ್ಕನೆಯದು ಚಿಕ್ಕದನ್ನು ದಾಟುವ ಗುರುತು.

ಪತ್ತೇದಾರಿಕೆಯ ಸೊಗಸು ಇರುವುದು ಮುಂದಿನ ಹಂತದಲ್ಲಿ. ಒಂಟಿ ನಕ್ಷತ್ರದ ಗ್ರಹ ಗಡಿಯಾರದಂತೆ ಹೇಳಿದ ಹೊತ್ತಿಗೆ ಅಡ್ಡ ಬರುತ್ತದೆ. ಇಲ್ಲಿ ಹಾಗಿಲ್ಲ. ಒಂದು ದಾಟುವಿಕೆಗೂ ಮುಂದಿನದಕ್ಕೂ ಒಮ್ಮೆ ಸುಮಾರು 230 ದಿನ, ಮತ್ತೊಮ್ಮೆ ಸುಮಾರು 221 ದಿನ. ಗ್ರಹವೇನೂ ಸೋಮಾರಿಯಾಗಿರಲಿಲ್ಲ, ಅದು ತಲುಪುವ ಹೊತ್ತಿಗೆ ನಕ್ಷತ್ರವೇ ಜಾಗ ಬದಲಿಸಿರುತ್ತಿತ್ತು. ಆಕಾಶದ ಅದೇ ದಿಕ್ಕಿನಲ್ಲಿ ಹಿಂದೆಲ್ಲೋ ಇರುವ ಬೇರೊಂದು ಗ್ರಹಣ ಜೋಡಿಯ ಬೆಳಕು ಬೆರೆತಿದ್ದರೆ ಈ ಏರುಪೇರು ಈ ಎರಡು ನಕ್ಷತ್ರಗಳ ಓಡಾಟಕ್ಕೆ ಇಷ್ಟು ಕರಾರುವಾಕ್ಕಾಗಿ ಹೊಂದುತ್ತಿರಲಿಲ್ಲ. ಇದರ ಮೇಲೆ, ಗ್ರಹದ ಗುರುತ್ವ ಎರಡು ನಕ್ಷತ್ರಗಳ ಗ್ರಹಣದ ವೇಳೆಯನ್ನೂ ತುಸು ಆಚೀಚೆ ಮಾಡುತ್ತಿತ್ತು. ಆ ಆಚೀಚೆ ಎಷ್ಟೆಂದು ಅಳೆದರೆ ಅದನ್ನು ಮಾಡುತ್ತಿರುವ ಕಾಯದ ತೂಕ ಸಿಗುತ್ತದೆ. ಸಿಕ್ಕ ತೂಕ ಗುರುಗ್ರಹದ ಮೂರನೇ ಒಂದು ಭಾಗ. ನಕ್ಷತ್ರವಾಗಲು ಬೇಕಾದ ತೂಕಕ್ಕೆ ಅದು ಎಲ್ಲಿಯೂ ಸಮವಲ್ಲ.

ಕೆಪ್ಲರ್-16ಬಿಯನ್ನು ಎರಡು ನಕ್ಷತ್ರಗಳನ್ನು ಸುತ್ತುವ ಮೊದಲ ಗ್ರಹ ಎನ್ನುವುದುಂಟು. ಆ ‘ಮೊದಲ’ ಎಂಬ ಪದದ ಪಕ್ಕದಲ್ಲಿ ಒಂದು ಚಿಕ್ಕ ತಿದ್ದುಪಡಿ ಬೇಕು. ಎಂ4 ಎಂಬ ನಕ್ಷತ್ರಗುಚ್ಛದಲ್ಲಿ ಒಂದು ಪಲ್ಸಾರ್ ಮತ್ತು ಒಂದು ಶ್ವೇತಕುಬ್ಜವನ್ನು ಸುತ್ತುವ ಗ್ರಹವನ್ನು ಹಬಲ್ ದೂರದರ್ಶಕದ ನೆರವಿನಿಂದ 2003ರಲ್ಲೇ ಖಚಿತಪಡಿಸಲಾಗಿತ್ತು. ಆದರೆ ಅವೆರಡೂ ಉರಿದು ಮುಗಿದ ನಕ್ಷತ್ರಗಳು. ಬದುಕಿರುವ ಎರಡು ಸೂರ್ಯರು, ಅವುಗಳ ಮುಂದೆ ಹಾದುಹೋಗುವ ಗ್ರಹ – ಇದು ಕೆಪ್ಲರ್-16ರಲ್ಲೇ ಮೊದಲು.

ಅಲ್ಲಿನ ಮೋಡಗಳ ಮೇಲೆ ತೇಲುವ ಒಂದು ನೌಕೆ ಇದ್ದರೆ ಆಕಾಶ ಹೇಗಿದ್ದೀತು? ಮೇಲಿನ ಅಂಕಿಗಳಿಂದಲೇ ಲೆಕ್ಕ ಹಾಕಬಹುದು. ಕಿತ್ತಳೆ ಸೂರ್ಯ ನಮ್ಮ ಸೂರ್ಯನಿಗಿಂತ ತುಸುವೇ ಚಿಕ್ಕದಾಗಿ ಕಂಡರೂ ಬೆಳಕು ನಮಗೆ ಸಿಗುವುದರ ಮೂರನೇ ಒಂದು ಭಾಗದಷ್ಟೇ. ಕೆಂಪು ಸೂರ್ಯನ ಬೆಳಕು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಕಡಿಮೆ. ಇವೆರಡೂ ಎಷ್ಟೇ ದೂರ ಸರಿದರೂ ಹದಿನೆಂಟು ಇಪ್ಪತ್ತು ಡಿಗ್ರಿಯ ಆಚೆ ಹೋಗುವುದಿಲ್ಲ. ಕೈ ಮುಂದೆ ಚಾಚಿದರೆ ಎರಡು ಮುಷ್ಟಿಯಗಲ. ಸಿನಿಮಾದಲ್ಲಿ ಸರಿಸುಮಾರು ಒಂದೇ ಗಾತ್ರದ ಎರಡು ಸೂರ್ಯರಿದ್ದಾರೆ. ಇಲ್ಲಿ ಒಬ್ಬ ಸೂರ್ಯ, ಒಬ್ಬ ಬಾಲಂಗೋಚಿ. ಆದರೆ ಸಿನಿಮಾದವರು ಯೋಚಿಸದ ಒಂದು ದೃಶ್ಯ ಇಲ್ಲಿದೆ. ಗ್ರಹದ ಕಕ್ಷೆಯೂ ನಕ್ಷತ್ರಗಳ ಕಕ್ಷೆಯೂ ಹೆಚ್ಚುಕಡಿಮೆ ಒಂದೇ ಸಮತಲದಲ್ಲಿರುವುದರಿಂದ, ಸುಮಾರು ಐವತ್ತು ದಿನಗಳಿಗೊಮ್ಮೆ ಕೆಂಪು ಬಿಲ್ಲೆ ಕಿತ್ತಳೆ ಬಿಲ್ಲೆಯ ಮೇಲೆ ಹಾದುಹೋಗಬೇಕು, ಅದಾದ ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಅದರ ಹಿಂದೆ ಮರೆಯಾಗಬೇಕು. ಪಂಚಾಂಗ ಬರೆಯುವವರಿಗೆ ಬಿಡುವೇ ಇರದ ಊರು.

ಇನ್ನು ಉಳಿವಿನ ಪ್ರಶ್ನೆ. ಒಂದು ನಕ್ಷತ್ರ, ಒಂದು ಗ್ರಹ ಇದ್ದರೆ ಕಕ್ಷೆ ಬದಲಾಗದ ದೀರ್ಘವೃತ್ತ. ನ್ಯೂಟನ್ನನ ಸೂತ್ರ ಅದನ್ನು ಅಚ್ಚುಕಟ್ಟಾಗಿ ಬಿಡಿಸುತ್ತದೆ. ಮೂರನೆಯ ಕಾಯ ಸೇರಿದೊಡನೆ ಆ ಅಚ್ಚುಕಟ್ಟು ಮುಗಿಯುತ್ತದೆ. ಜೋಡಿಗೆ ತೀರ ಹತ್ತಿರವಿರುವ ಗ್ರಹವನ್ನು ಎರಡು ನಕ್ಷತ್ರಗಳೂ ಸರದಿಯಂತೆ ಜಗ್ಗುತ್ತವೆ. ಪ್ರತಿ ಜಗ್ಗಾಟವೂ ಗ್ರಹಕ್ಕೆ ಒಂದಿಷ್ಟು ಚೈತನ್ಯ ಕೊಡುತ್ತದೆ ಅಥವಾ ಕಸಿಯುತ್ತದೆ, ಕಕ್ಷೆ ಉದ್ದುದ್ದವಾಗುತ್ತದೆ, ಕೊನೆಗೆ ಗ್ರಹ ಒಂದೋ ನಕ್ಷತ್ರಕ್ಕೆ ಬಡಿಯುತ್ತದೆ ಇಲ್ಲವೇ ಹೊರಗಿನ ಕತ್ತಲೆಗೆ ಎಸೆಯಲ್ಪಡುತ್ತದೆ. ಸಾಕಷ್ಟು ದೂರದಲ್ಲಿದ್ದರೆ ಎರಡು ನಕ್ಷತ್ರಗಳೂ ಸೇರಿ ಒಂದೇ ಭಾರವಾದ ಕಾಯದಂತೆ ವರ್ತಿಸುತ್ತವೆ, ಕಕ್ಷೆ ನಿಲ್ಲುತ್ತದೆ. ಈ ‘ಸಾಕಷ್ಟು ದೂರ’ ಎಷ್ಟು ಎಂಬುದನ್ನು ಮ್ಯಾಥ್ಯೂ ಹೋಲ್ಮನ್ ಮತ್ತು ಪಾಲ್ ವೀಗರ್ಟ್ 1999ರಲ್ಲಿ, ಅಂಥ ಯಾವ ಸೂರ್ಯಜೋಡಿಯ ಗ್ರಹವೂ ಸಿಗುವುದಕ್ಕೆ ಮೊದಲೇ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದರು. ಸ್ಥೂಲವಾಗಿ, ನಕ್ಷತ್ರಗಳ ನಡುವಿನ ಅಂತರದ ಎರಡರಿಂದ ನಾಲ್ಕು ಪಟ್ಟು. ಕೆಪ್ಲರ್-16ರಲ್ಲಿ ಆ ಗಡಿ ಭೂಮಿ–ಸೂರ್ಯರ ಅಂತರದ ಸುಮಾರು ಶೇ 65ರಲ್ಲಿ ಬೀಳುತ್ತದೆ. ಗ್ರಹ ಇರುವುದು ಶೇ 70ರಲ್ಲಿ. ಪ್ರಪಾತದ ಅಂಚಿನಿಂದ ಎರಡೇ ಹೆಜ್ಜೆ ಹಿಂದೆ!

ಇದೊಂದೇ ಹೀಗಿದ್ದಿದ್ದರೆ ಕಾಕತಾಳೀಯ ಎನ್ನಬಹುದಿತ್ತು. ಕೆಪ್ಲರ್ ಕಂಡ ಇಂಥ ಗ್ರಹಗಳಲ್ಲಿ ಹೆಚ್ಚಿನವು ತಮ್ಮ ತಮ್ಮ ಗಡಿಯ ಹೊರಮಗ್ಗುಲಲ್ಲೇ ಗುಂಪುಗೂಡಿವೆ. ಅಲ್ಲೇ ಹುಟ್ಟಿದವೇ? ಕಷ್ಟ. ಗಡಿಯ ಹತ್ತಿರ ದೂಳು, ಕಲ್ಲುಗಳ ಓಟ ಎಷ್ಟು ಅಡ್ಡಾದಿಡ್ಡಿ ಎಂದರೆ, ಢಿಕ್ಕಿಯಾದವು ಕೂಡಿಕೊಂಡು ಬೆಳೆಯುವ ಬದಲು ಪುಡಿಯಾಗುತ್ತವೆ. ಹಾಗಾಗಿ ಬಹುಪಾಲು ತಜ್ಞರು ಒಪ್ಪುವ ವಿವರಣೆ ಬೇರೆ: ಈ ಗ್ರಹಗಳು ದೂರದ ಶಾಂತ ಪ್ರದೇಶದಲ್ಲಿ ಹುಟ್ಟಿ, ನಕ್ಷತ್ರಗಳ ಸುತ್ತ ಆಗ ಹರಡಿಕೊಂಡಿದ್ದ ಅನಿಲದ ತಟ್ಟೆಯೊಳಗೆ ನಿಧಾನವಾಗಿ ಒಳಕ್ಕೆ ಸರಿದವು. ಜೋಡಿ ನಕ್ಷತ್ರಗಳು ತಮ್ಮ ಸುತ್ತ ಅನಿಲವನ್ನು ಗುಡಿಸಿ ಒಂದು ಬಯಲನ್ನು ಮಾಡಿಕೊಂಡಿದ್ದವು. ಗ್ರಹ ಆ ಬಯಲಿನ ಅಂಚಿಗೆ ಬಂದಾಗ ಅದನ್ನು ಒಳಕ್ಕೆ ತಳ್ಳಲು ಅನಿಲವೇ ಇರಲಿಲ್ಲ. ನಿಂತುಬಿಟ್ಟಿತು.

ಇದುವರೆಗೆ ಆರು ಸಾವಿರಕ್ಕೂ ಹೆಚ್ಚು ಹೊರಗ್ರಹಗಳು ಖಚಿತವಾಗಿವೆ. ಅವುಗಳಲ್ಲಿ ನಕ್ಷತ್ರಜೋಡಿಯ ಮುಂದೆ ಹಾದುಹೋಗುವುದರಿಂದ ಸಿಕ್ಕವು ಹದಿನಾಲ್ಕು ಹದಿನೈದಕ್ಕಿಂತ ಹೆಚ್ಚಿಲ್ಲ. ಸೂರ್ಯನಂಥ ನಕ್ಷತ್ರಗಳಲ್ಲಿ ಹತ್ತಿರಹತ್ತಿರ ಅರ್ಧ ಜೋಡಿಗಳಾಗಿರುವಾಗ ಇದು ವಿಚಿತ್ರ. ಒಂದು ಕಾರಣ ನಮ್ಮ ಹುಡುಕಾಟದ್ದೇ: ಕಂಪ್ಯೂಟರ್ ಪ್ರೋಗ್ರಾಂಗಳು ಸಮಾನ ಅಂತರದಲ್ಲಿ ಬರುವ ಇಳಿತಗಳನ್ನು ಹುಡುಕುತ್ತವೆ, ಈ ಗ್ರಹಗಳು ಆ ಶಿಸ್ತಿಗೆ ಒಗ್ಗುವುದಿಲ್ಲ. ಮನುಷ್ಯರ ಕಣ್ಣು ಇಲ್ಲಿ ಗೆದ್ದಿದೆ. 2012ರಲ್ಲಿ ‘ಪ್ಲಾನೆಟ್ ಹಂಟರ್ಸ್’ ಯೋಜನೆಯ ಹವ್ಯಾಸಿ ಸ್ವಯಂಸೇವಕರು ಒಟ್ಟು ನಾಲ್ಕು ನಕ್ಷತ್ರಗಳಿರುವ ವ್ಯವಸ್ಥೆಯೊಂದರಲ್ಲಿ ಗ್ರಹವನ್ನು ಗುರುತಿಸಿದರು. 2019ರಲ್ಲಿ ನಾಸಾದ ಗಾಡರ್ಡ್ ಕೇಂದ್ರಕ್ಕೆ ತರಬೇತಿಗೆ ಬಂದಿದ್ದ ಹದಿನೇಳರ ಶಾಲಾ ಹುಡುಗನೊಬ್ಬ ಟೆಸ್ ದೂರದರ್ಶಕದ ದತ್ತಾಂಶ ನೋಡುತ್ತ ಟಿಒಐ-1338ಬಿಯ ಸುಳಿವು ಹಿಡಿದ. ಇನ್ನೊಂದು ಕಾರಣ ಪ್ರಕೃತಿಯದು. ವಾರಕ್ಕೊಮ್ಮೆ, ಅದಕ್ಕಿಂತಲೂ ಬೇಗ ಸುತ್ತುವ ಬಿಗಿಜೋಡಿಗಳ ಸುತ್ತ ಇಂಥ ಗ್ರಹಗಳು ಕಾಣುತ್ತಲೇ ಇಲ್ಲ. ಅಂಥ ಜೋಡಿಗಳು ಹುಟ್ಟಿನಿಂದ ಅಷ್ಟು ಹತ್ತಿರವಿರುವುದಿಲ್ಲ. ದೂರದ ಮೂರನೆಯ ನಕ್ಷತ್ರವೊಂದರ ಸೆಳೆತ ಅವನ್ನು ಕಾಲಕ್ರಮದಲ್ಲಿ ಹತ್ತಿರ ತಂದಿರಬಹುದು, ಆ ಗಲಾಟೆಯಲ್ಲಿ ಗ್ರಹಗಳು ಕಳೆದುಹೋಗಿರಬಹುದು ಎಂಬುದು ಒಂದು ವಾದ.

ಸಿನಿಮಾ ಹೋಲಿಕೆಯ ಆತುರ ಒಮ್ಮೆ ಕೈಕೊಟ್ಟಿದ್ದೂ ಉಂಟು. 2016ರಲ್ಲಿ ಮೂರು ಸೂರ್ಯರ ಗ್ರಹ ಎಂದು ಸುದ್ದಿಯಾದ ಎಚ್‌ಡಿ 131399ಎಬಿ, ಟಾಟೂಯಿನ್ನನ್ನೂ ಮೀರಿಸಿತೆಂದು ಹೊಗಳಿಸಿಕೊಂಡಿತು. ಮರುವರ್ಷದ ಅವಲೋಕನಗಳಲ್ಲಿ ಅದು ಗ್ರಹವೇ ಅಲ್ಲ, ಬಹಳ ಹಿಂದೆ ಇರುವ ಒಂದು ಸಾಮಾನ್ಯ ನಕ್ಷತ್ರ ಎಂದು ಗೊತ್ತಾಯಿತು. ಹಿಂದಿನ ಸುದ್ದಿಗೆ ಸಿಕ್ಕ ಜಾಗ ಈ ಸುದ್ದಿಗೆ ಸಿಗಲಿಲ್ಲ.

ಹಾಗಾದರೆ ಕೆಪ್ಲರ್-16ಬಿಗೆ ಟಾಟೂಯಿನ್ ಎಂದೇ ಅಧಿಕೃತವಾಗಿ ಹೆಸರಿಡಬಾರದೇಕೆ? ಆಕಾಶಕಾಯಗಳ ಹೆಸರಿಗೆ ಮೊಹರು ಹಾಕುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ಹೊರಗ್ರಹಗಳಿಗೆ ಅದು ಆಗೊಮ್ಮೆ ಈಗೊಮ್ಮೆ ದೇಶಗಳಿಂದ ಹೆಸರು ಆಹ್ವಾನಿಸುತ್ತದೆ. 2019ರ ಸುತ್ತಿನಲ್ಲಿ ಭಾರತದ ಪಾಲಿಗೆ ಬಂದ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ ಬಿಭಾ ಎಂದೂ ಗ್ರಹಕ್ಕೆ ಸಂತಮಸ ಎಂದೂ ಹೆಸರಾಯಿತು. ಉಳಿದಂತೆ ದೂರದರ್ಶಕದ ಹೆಸರು, ಒಂದು ಸಂಖ್ಯೆ, ಒಂದು ಅಕ್ಷರ. ನನಗೆ ಈ ಬರಡು ವ್ಯವಸ್ಥೆ ಇಷ್ಟ. ಕೆಪ್ಲರ್-16ಬಿ ಎಂದರೆ ಯಾರು ಕಂಡರು, ಎಷ್ಟನೆಯದು ಎಂಬುದು ತಿಳಿಯುತ್ತದೆ. ಅಲ್ಲಿ ಮರಳಿದೆ ಎಂಬ ಭ್ರಮೆ ಹುಟ್ಟುವುದಿಲ್ಲ.

ಹಾಗೆಂದು ಒಕ್ಕೂಟ ಕಥೆಗಳಿಗೆ ಬಾಗಿಲು ಮುಚ್ಚಿದೆ ಎಂದಲ್ಲ. ಶನಿಯ ಚಂದ್ರ ಟೈಟನ್‌ನ ಬೆಟ್ಟಗಳಿಗೆ ಟೋಲ್ಕಿನ್ ಕಾದಂಬರಿಗಳ ಪರ್ವತಗಳ ಹೆಸರುಗಳಿವೆ, ಬಯಲುಗಳಿಗೆ ‘ಡ್ಯೂನ್’ ಕಥಾಸರಣಿಯ ಗ್ರಹಗಳ ಹೆಸರುಗಳಿವೆ. ಯುರೇನಸ್ಸಿನ ಚಂದ್ರರಿಗೆ ಶೇಕ್ಸ್‌ಪಿಯರ್ ನಾಟಕಗಳ ಪಾತ್ರಗಳನ್ನು ತಂದವರು ಹರ್ಷಲ್ ಅವರ ಮಗ ಜಾನ್. ಅದು ನಮಗೆ ಇಂದು ಘನಸಾಹಿತ್ಯ. ತನ್ನ ಕಾಲದಲ್ಲಿ ಟಿಕೆಟ್ ಕೊಂಡ ಜನ ನಿಂತು ನೋಡುತ್ತಿದ್ದ ರಂಜನೆ. ಕ್ಷುದ್ರಗ್ರಹಗಳಲ್ಲಂತೂ ಹಬ್ಬವೇ. ಬೀಟಲ್ಸ್ ತಂಡದ ನಾಲ್ವರಿಗೂ ಅನುಕ್ರಮ ಸಂಖ್ಯೆಗಳ ನಾಲ್ಕು ಕಾಯಗಳಿವೆ. ಜೇಮ್ಸ್ ಬಾಂಡ್‌ಗೆ ಸಿಕ್ಕ ಸಂಖ್ಯೆ 9007. ಪಂಡಿತ್ ಜಸರಾಜ್ ಅವರ ಹೆಸರಿನ ಕ್ಷುದ್ರಗ್ರಹದ ಸಂಖ್ಯೆ 300128. ಅವರು ಹುಟ್ಟಿದ 1930ರ ಜನವರಿ 28 ಅದರಲ್ಲಿ ಅಡಗಿದೆ.

ಪ್ಲೂಟೊದ ಚಂದ್ರ ಶಾರನ್ ವಿಷಯ ಇನ್ನೂ ಸ್ವಾರಸ್ಯದ್ದು. 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಹತ್ತಿರ ಹಾದಾಗ ಅದರ ತಂಡ ಅಲ್ಲಿನ ಕುಳಿಗಳನ್ನು ವೇಡರ್, ಸ್ಕೈವಾಕರ್, ಸ್ಪಾಕ್ ಎಂದೆಲ್ಲ ಕರೆದುಕೊಂಡಿತು. 2018ರಲ್ಲಿ ಒಕ್ಕೂಟ ಒಪ್ಪಿದ ಮೊದಲ ಪಟ್ಟಿಯಲ್ಲಿ ಅವು ಯಾವುವೂ ಇರಲಿಲ್ಲ. ಇದ್ದದ್ದು ರೇವತಿ. ಬಲರಾಮನ ಹೆಂಡತಿಯೇ. ವರನನ್ನು ಕೇಳಲು ತಂದೆಯೊಡನೆ ಬ್ರಹ್ಮಲೋಕಕ್ಕೆ ಹೋಗಿ, ಗಾನ ಮುಗಿಯುವವರೆಗೆ ಕಾದು ಹಿಂದಿರುಗುವಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗ ಕಳೆದಿತ್ತಲ್ಲ, ಆ ರೇವತಿ. ಕಾಲಪ್ರಯಾಣದ ಕಲ್ಪನೆಯುಳ್ಳ ಮೊದಲ ಕಥನವೆಂಬ ನೆಲೆಯಲ್ಲಿ ಒಕ್ಕೂಟ ಅವಳನ್ನು ಆರಿಸಿತು. ಮೂಲವನ್ನು ಮಹಾಭಾರತ ಎಂದು ಬರೆದಿದೆ. ಕಥೆ ವಿವರವಾಗಿ ಬರುವುದು ಭಾಗವತ, ವಿಷ್ಣುಪುರಾಣಗಳಲ್ಲಿ. ಹೋಗಲಿ, ಕುಳಿ ನಮ್ಮದಾಯಿತು.

ಜೀವವಿಜ್ಞಾನದಲ್ಲಿ ಇಂಥ ಒಂದೇ ಕಾವಲುಗಾರ ಇಲ್ಲ. ಪ್ರಬಂಧ ಪ್ರಕಟಿಸಿದವರು ಇಟ್ಟದ್ದೇ ಹೆಸರು. ಕರ್ನಾಟಕದ ಪಶ್ಚಿಮಘಟ್ಟದ ಕಾನಿನಲ್ಲಿ ಸಿಕ್ಕ, ಒಣಎಲೆಯಂತೆ ನಟಿಸುವ ಪುಟ್ಟ ಜೇಡಕ್ಕೆ 2016ರಲ್ಲಿ ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂದು ಹೆಸರಾದದ್ದು, ಅದರ ಮೈ ಹ್ಯಾರಿ ಪಾಟರ್ ಕಥೆಯ ಮಂತ್ರದ ಟೋಪಿಯಂತಿದೆ ಎಂಬ ಕಾರಣಕ್ಕೆ. ಅಂಗೈಯಲ್ಲಿ ಕಾಣದಷ್ಟು ಚಿಕ್ಕ ಜೇಡ ಜಗತ್ತಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಕಾನು ಉಳಿಸಿ ಎಂದು ಹೇಳುವ ವರದಿಗಳಿಗೆ ಅಷ್ಟು ಓದುಗರು ಸಿಗುವುದಿಲ್ಲವಾದ್ದರಿಂದ, ಈ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ವಂಶವಾಹಿಗಳ ವಿಷಯದಲ್ಲಿ. ಭ್ರೂಣದ ಬೆಳವಣಿಗೆಗೆ ಅತಿಮುಖ್ಯವಾದ ಒಂದು ವಂಶವಾಹಿಗೆ 1990ರ ದಶಕದ ಮೊದಲ ವರ್ಷಗಳಲ್ಲಿ ವಿಡಿಯೊ ಗೇಮಿನ ಮುಳ್ಳುಹಂದಿಯ ಹೆಸರಿಟ್ಟರು: ಸಾನಿಕ್ ಹೆಡ್ಜ್‌ಹಾಗ್. ಪ್ರಯೋಗಾಲಯದೊಳಗೆ ಅದು ತಮಾಷೆ. ಆದರೆ ಅದರಲ್ಲಿನ ದೋಷದಿಂದ ಮಗುವಿನ ಮಿದುಳು ಎರಡು ಭಾಗವಾಗಿ ಬೇರ್ಪಡದೆ, ಮುಖವೂ ವಿಕಾರಗೊಳ್ಳಬಹುದು. ಅಂಥ ಮಗುವಿನ ತಾಯಿ ತಂದೆಯ ಎದುರು ಕುಳಿತು ವೈದ್ಯರು ಈ ಹೆಸರನ್ನು ಉಚ್ಚರಿಸಬೇಕು. 2005ರಲ್ಲಿ ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಸಂಸ್ಥೆಯ ಸಂಶೋಧಕರು ಕ್ಯಾನ್ಸರಿಗೆ ದಾರಿಮಾಡುವ ವಂಶವಾಹಿಯೊಂದನ್ನು ಪೋಕೆಮಾನ್ ಎಂದು ಕರೆದಾಗ, ಪೋಕೆಮಾನ್ ಕ್ಯಾನ್ಸರ್ ತರುತ್ತದೆ ಎಂಬರ್ಥದ ಶೀರ್ಷಿಕೆಗಳು ಬಂದವು. ಕಂಪನಿ ಕಾನೂನು ಕ್ರಮದ ಮಾತಾಡಿತು, ವಂಶವಾಹಿ ಈಗ ಜಡ್‌ಬಿಟಿಬಿ7ಎ ಎಂಬ ನೀರಸ ಹೆಸರಿನಲ್ಲಿ ನೆಮ್ಮದಿಯಾಗಿದೆ. ಗ್ರಹಕ್ಕೆ ಇಟ್ಟ ತಪ್ಪು ಹೆಸರು ಕಲ್ಪನೆಯನ್ನು ದಾರಿತಪ್ಪಿಸೀತು, ಅಷ್ಟೇ. ದೇಹದ ಭಾಗಕ್ಕೆ ಇಟ್ಟ ಹೆಸರು ರೋಗಿಯ ಕಡತದಲ್ಲಿ ಕೂರುತ್ತದೆ.

ಇತ್ತ ಕೆಪ್ಲರ್-16ಬಿ ಈಗ ನಮ್ಮ ಕಣ್ಣಳತೆಯಿಂದ ಸರಿದಿದೆ. ಕಕ್ಷೆಯ ಓರೆ ನಿಧಾನವಾಗಿ ತಿರುಗುವುದರಿಂದ 2018ರಿಂದ ಅದು ನಮಗೆ ಕಾಣುವಂತೆ ದೊಡ್ಡ ನಕ್ಷತ್ರವನ್ನು ದಾಟುತ್ತಿಲ್ಲ, ಮತ್ತೆ ದಾಟುವುದು 2042ರ ಸುಮಾರಿಗೆ. ಇದಕ್ಕೆ ಕಾಯದೆ, ಫ್ರಾನ್ಸಿನ ಓತ್-ಪ್ರೊವಾನ್ಸ್ ವೀಕ್ಷಣಾಲಯದ 193 ಸೆಂಟಿಮೀಟರ್ ದೂರದರ್ಶಕದಿಂದ ಒಂದು ತಂಡ ನಕ್ಷತ್ರದ ಓಲಾಟವನ್ನಷ್ಟೇ ಅಳೆದು ಗ್ರಹವನ್ನು ಮತ್ತೊಮ್ಮೆ ಪತ್ತೆಮಾಡಿತು. 1995ರಲ್ಲಿ ಸೂರ್ಯನಂಥ ನಕ್ಷತ್ರದ ಮೊದಲ ಗ್ರಹ ಸಿಕ್ಕಿದ್ದೂ ಇದೇ ದೂರದರ್ಶಕದಲ್ಲಿ. 2023ರಲ್ಲಿ ಅದೇ ಯೋಜನೆಯವರು ಟಿಒಐ-1338ರ ಸುತ್ತ 215 ದಿನಗಳಿಗೊಮ್ಮೆ ಸುತ್ತುವ ಎರಡನೆಯ ಗ್ರಹವನ್ನು ಕಂಡರು. ‘ಸುತ್ತುವ ಗ್ರಹಗಳ ಬೆಂಗಾವಲಿರುವ ಜೋಡಿಗಳು’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಪೋಣಿಸಿ ಅವರು ತಮ್ಮ ಯೋಜನೆಯನ್ನು ಬೀಬಾಪ್ ಎಂದು ಕರೆಯುತ್ತಾರೆ. 1940ರ ದಶಕದ ಜಾಝ್ ಸಂಗೀತದ ಒಂದು ಶೈಲಿಯ ಹೆಸರೂ ಅದೇ. ಗ್ರಹ ದಾಖಲೆಗೆ ಸೇರಿದ್ದು ಬೀಬಾಪ್-1ಸಿ ಎಂದು. ಯಾವ ಸಮಿತಿಯೂ ಆಕ್ಷೇಪಿಸಲಿಲ್ಲ.